ಸೇಬಿನ ಹಣ್ಣಿಗೆ ತೋಟದ ಸಾಂಬಾರ

ಮಲೆನಾಡಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆಂಬ ಸುದ್ದಿ ಊರಿಗೆ ತಿಳಿಯುವುದೇ ತಡ, ಆ ಮನೆಯ ಜಗಲಿಯಲ್ಲಿ ಸೇಬಿನ ಹಣ್ಣು ಗುಡ್ಡೆ ಬೀಳುತ್ತದೆ. ನೋಡಲು ಬರುವವರು ಬರಿಗೈಯಲ್ಲಿ ಬರುವಂತಿಲ್ಲ; ಪೇಟೆಯಲ್ಲಿ ಬಸ್ಸು ಹತ್ತುವ ಮುಂಚೆ ಒಂದು ಕಿಲೋ ಆಪಲ್ ಕಟ್ಟಿಸಿಕೊಂಡಿರುತ್ತಾರೆ. ಕಳೆದ ಮಳೆಗಾಲದಲ್ಲಿ ನಮ್ಮ ತಾಯಿಯವರು ಬಚ್ಚಲಿನಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡಾಗ ನಮ್ಮಲ್ಲಿಯೂ ಹೀಗೆಯೇ ಆಯಿತು. ಒಂದೇ ವಾರದಲ್ಲಿ ಏಳೆಂಟು ಕಿಲೋ ಹಣ್ಣು. ಎಂಬತ್ತು ದಾಟಿದ ಅವರಿಗೆ ಹಲ್ಲಿಲ್ಲ. ತುರಿದು ಕೊಟ್ಟರೆ ಕಪ್ಪಾಗಿದೆಯೆಂದು ಬಟ್ಟಲನ್ನು ದೂಡುತ್ತಿದ್ದರು. ಗಂಜಿಯೂ ಸೇರದೆ ದಿನದಿಂದ ದಿನಕ್ಕೆ ಸೊರಗುತ್ತಿದ್ದರು. ಆ ಒಂದು ತಿಂಗಳಿನಲ್ಲಿ ಅವರು ತಾವಾಗಿ ಕೇಳಿ ಎರಡನೆಯ ಸಲ ಹಾಕಿಸಿಕೊಂಡ ಪದಾರ್ಥವೆಂದರೆ ಒಂದೇ: ಸಕ್ಕರೆ ನೀರಿನಲ್ಲಿ ಸಾಂಬಾರ ಹಾಕಿ ಬೇಯಿಸಿದ ಸೇಬು. ಕಚೇರಿಗೆ ಬಂದ ಕೆಲವು ಸದಸ್ಯರು ಮಾಡುವ ಕ್ರಮವನ್ನು ಕೇಳಿದ್ದರಿಂದ ಈ ಸಲ ಅದನ್ನೇ ಬರೆಯುತ್ತಿದ್ದೇವೆ.

ಇದಕ್ಕೆ ಕಾಂಪೋಟ್ ಎಂದು ಹೆಸರು, ಶಬ್ದ ಫ್ರೆಂಚರದು. ಜಾಮ್ ಬೇರೆ, ಇದು ಬೇರೆ. ಜಾಮಿನಲ್ಲಿ ನೂರಕ್ಕೆ ಅರವತ್ತೈದು ಪಾಲಿಗಿಂತ ಹೆಚ್ಚು ಸಕ್ಕರೆ ಮೊದಲಾದ ಕರಗಿದ ಅಂಶಗಳೇ ಇರುವುದರಿಂದ ಅದು ಬೇಗ ಕೆಡದು. ಕಾಂಪೋಟಿನಲ್ಲಿ ಹೋಳು ಹೋಳಾಗಿಯೇ ಉಳಿಯಬೇಕು, ಸಕ್ಕರೆ ಕಡಿಮೆ. ಆದಕಾರಣ ಬಾಳಿಕೆಯೂ ಕಡಿಮೆ. ಈ ವ್ಯತ್ಯಾಸವನ್ನು ಮರೆತು ನಾವು ತೆತ್ತ ದಂಡದ ವಿಷಯ ಮುಂದೆ ಬರುತ್ತದೆ.

ಹಣ್ಣಿನ ಮಾತು ಮೊದಲು. ನಮ್ಮ ಪೇಟೆಗೆ ಹೆಚ್ಚಾಗಿ ಬರುವುದು ಹಿಮಾಚಲ ಮತ್ತು ಕಾಶ್ಮೀರದ ಕೆಂಪು ಡೆಲಿಷಸ್ ಜಾತಿ. ಹಸಿಯಾಗಿ ತಿನ್ನಲು ಚೆನ್ನ, ಬೇಯಿಸಲು ಅಷ್ಟಕ್ಕಷ್ಟೆ. ಹುಳಿ ಸಾಲದು, ಹಳತಾದರೆ ಹಿಟ್ಟು ಹಿಟ್ಟಾಗುತ್ತದೆ. ಹೊರದೇಶದಿಂದ ಬರುವ ಹಸಿರು ಬಣ್ಣದ ಹುಳಿ ಸೇಬು ಸಿಕ್ಕರೆ ಅರ್ಧಕ್ಕರ್ಧ ಬೆರೆಸಬಹುದು. ಸಿಗದಿದ್ದರೆ ಚಿಂತೆಯಿಲ್ಲ, ನಿಂಬೆಹಣ್ಣು ಆ ಕೊರತೆಯನ್ನು ತುಂಬುತ್ತದೆ. ಹೆಚ್ಚಿದ ಸೇಬು ಕಪ್ಪಾಗುವುದು ಕೊಳೆತದ್ದರಿಂದಲ್ಲ. ಅದರೊಳಗಿನ ಕಿಣ್ವಕ್ಕೆ ಗಾಳಿ ಸೋಕಿದ್ದರಿಂದ. ನಿಂಬೆಯ ಹುಳಿ ಆ ಕಿಣ್ವವನ್ನು ತಡೆಯುತ್ತದೆ. ತಾಯಿಯವರು ಬಟ್ಟಲು ದೂಡಿದ ಕಾರಣ ಒಂದು ಹನಿ ನಿಂಬೆರಸದಲ್ಲಿ ಪರಿಹಾರವಾಗುತ್ತಿತ್ತೆಂದು ನಮಗೆ ತಡವಾಗಿ ಹೊಳೆಯಿತು.

ಇನ್ನು ಸಾಂಬಾರ. ಸೇಬು ಹಿಮಾಲಯದ ಕಡೆಯದಾದರೂ ಉಳಿದದ್ದೆಲ್ಲ ನಮ್ಮ ಅಡಿಕೆ ಮರದ ಬುಡದಲ್ಲಿ, ಕಾಫಿಯ ನೆರಳಿನಲ್ಲಿ ಇದೆ. ಸಂಘದ ತಕ್ಕಡಿಯಲ್ಲಿ ಚೀಲಗಟ್ಟಲೆ ಮೆಣಸು ತೂಗಿಸಿದ ಸದಸ್ಯರು ಹೋಗುವಾಗ ಎದುರಿನ ಅಂಗಡಿಯಿಂದ ಗರಂ ಮಸಾಲೆಯ ಪೊಟ್ಟಣ ಒಯ್ಯುವುದನ್ನು ನಾವು ಕಚೇರಿಯ ಕಿಟಕಿಯಿಂದ ನೋಡುತ್ತಿರುತ್ತೇವೆ. ಈ ಅಡುಗೆಗಂತೂ ಆ ಪುಡಿ ಬೇಡವೇ ಬೇಡ, ಪಾಕ ರಾಡಿಯಾಗುತ್ತದೆ. ಇಡೀ ಸಾಂಬಾರವನ್ನೇ ಹಾಕತಕ್ಕದ್ದು.

ಅಂಗಡಿಯಲ್ಲಿ ಚಕ್ಕೆಯೆಂದು ಕೊಡುವ ದಪ್ಪ, ಗಟ್ಟಿ ತೊಗಟೆ ಸಾಮಾನ್ಯವಾಗಿ ಕ್ಯಾಸಿಯಾ. ನಿಜವಾದ ದಾಲ್ಚಿನ್ನಿ ತೆಳುವಾದ ಪದರಗಳ ಸುರುಳಿ. ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ, ವಾಸನೆಯೂ ಮೃದು. ಕ್ಯಾಸಿಯಾದಲ್ಲಿ ಕೌಮರಿನ್ ಎಂಬ ವಸ್ತು ಹೆಚ್ಚಾಗಿದ್ದು, ಬಹಳ ಕಾಲ ಹೆಚ್ಚು ಪ್ರಮಾಣದಲ್ಲಿ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ರೋಗಿಗೆ ದಿನವೂ ಕೊಡುವುದಾದರೆ ನಿಜವಾದ ದಾಲ್ಚಿನ್ನಿಯೇ ಇರಲಿ. ಲವಂಗ ಮೂರೇ ಮೂರು. ನಾವು ಮೊದಲ ಸಲ ಹತ್ತು ಹಾಕಿದ್ದೆವು. ಮನೆಯವರು ಒಂದು ಚಮಚ ಬಾಯಿಗಿಟ್ಟು ‘ಇದು ಹಲ್ಲುನೋವಿಗೋ?’ ಎಂದು ಕೇಳಿದರು. ತಪ್ಪೇನಿಲ್ಲ, ಹಲ್ಲುನೋವಿಗೆ ಹಚ್ಚುವ ಎಣ್ಣೆಯಲ್ಲಿಯೂ ಇರುವುದು ಲವಂಗದ ಯೂಜಿನಾಲೇ. ಏಲಕ್ಕಿಯ ಪರಿಮಳ ಬೇಗ ಹಾರಿಹೋಗುವಂಥದು. ಕುದಿಯುವಾಗ ಹಾಕಿದರೆ ಅಡುಗೆಮನೆ ಘಮಘಮಿಸುತ್ತದೆ, ಬಟ್ಟಲಿನಲ್ಲಿ ಏನೂ ಉಳಿಯದು. ಅದನ್ನು ಇಳಿಸಿದ ಮೇಲೆ ಹಾಕಬೇಕು. ಮೆಣಸಿನ ಖಾರ ಮಾತ್ರ ಕುದಿಗೆ ಹೆದರುವುದಿಲ್ಲ. ಜಾಯಿಕಾಯಿ ಇದ್ದವರು ಕೊನೆಯಲ್ಲಿ ಒಂದು ಚಿಟಿಕೆ ತೇಯಬಹುದು. ಚಿಟಿಕೆಗಿಂತ ಹೆಚ್ಚು ಬೇಡ, ಅತಿಯಾದರೆ ಅದು ವಿಷ.

ಒಂದು ಕಿಲೋ ಹಣ್ಣನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಸಿಪ್ಪೆ, ಬೀಜ, ನಡುವಿನ ಗಟ್ಟಿ ಭಾಗ ತೆಗೆದು, ಎಂಟು ಹೋಳು ಮಾಡಿ, ಎರಡು ಚಮಚ ನಿಂಬೆರಸದಲ್ಲಿ ಹೊರಳಿಸಿಡಿ. ಅಗಲವಾದ ಸ್ಟೀಲಿನ ಪಾತ್ರೆಯಲ್ಲಿ 150 ಗ್ರಾಂ ಸಕ್ಕರೆ, 200 ಮಿಲಿ ನೀರು; ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಎರಡು ಅಂಗುಲ ದಾಲ್ಚಿನ್ನಿ, ಮೂರು ಲವಂಗ, ಜಜ್ಜಿದ ಆರು ಕಾಳು ಮೆಣಸನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ, ಐದು ನಿಮಿಷ ಕುದಿಸಿ. ಆಮೇಲೆ ಹೋಳು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಸೌಟು ಆಡಿಸಬಾರದು, ಪಾತ್ರೆಯನ್ನೇ ಅಲುಗಿಸಬೇಕು. ಚಾಕುವಿನ ತುದಿ ಸಲೀಸಾಗಿ ಇಳಿದರೆ ಬೆಂದಿತು. ಹೋಳುಗಳನ್ನು ತೆಗೆದು, ಉಳಿದ ಪಾಕವನ್ನು ತುಸು ಇಂಗಿಸಿ, ಗಂಟನ್ನು ಹಿಂಡಿ ತೆಗೆದು, ನಾಲ್ಕು ಏಲಕ್ಕಿಯ ಕಾಳನ್ನು ಕುಟ್ಟಿ ಹಾಕಿ ಹೋಳಿನ ಮೇಲೆ ಸುರಿದರಾಯಿತು. ಸಕ್ಕರೆಯನ್ನು ಮೊದಲೇ ಹಾಕುವುದಕ್ಕೆ ಕಾರಣವಿದೆ: ಪಾಕದಲ್ಲಿ ಬೆಂದ ಹೋಳು ಆಕಾರ ಬಿಡುವುದಿಲ್ಲ, ಬರಿ ನೀರಿನಲ್ಲಿ ಬೆಂದದ್ದು ಮುದ್ದೆಯಾಗುತ್ತದೆ. ಹಲ್ಲಿಲ್ಲದವರಿಗೆ ಮುದ್ದೆಯೇ ಬೇಕಾದರೆ ಸಕ್ಕರೆಯನ್ನು ಕೊನೆಗೆ ಹಾಕಿ, ಮಸೆದು ಕೊಡಿ. ಕುಕ್ಕರಿನ ಗೋಜಿಗೆ ಹೋಗಬೇಡಿ.

ಇನ್ನು ದಂಡದ ವಿಷಯ. ರುಚಿ ಹಿಡಿದ ಉತ್ಸಾಹದಲ್ಲಿ ನಾವು ನಾಲ್ಕು ಕಿಲೋ ಹಣ್ಣನ್ನು ಒಟ್ಟಿಗೆ ಬೇಯಿಸಿ ಬಾಟಲಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟೆವು. ಆ ರಾತ್ರಿಯ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಐದು ದಿನ ಕರೆಂಟಿಲ್ಲ. ಆರನೆಯ ದಿನ ಮುಚ್ಚಳ ತಿರುಗಿಸಿದರೆ ಬುಸ್ಸೆಂದು ನೊರೆ, ಹೆಂಡದ ವಾಸನೆ. ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದೆವು. ಮರಳಿ ಕುದಿಸಿ ಬಳಸೋಣವೆಂದು ನಮ್ಮ ಅಳಿಯಂದಿರ ಸಲಹೆ ಬಂತು. ಹಾಸಿಗೆ ಹಿಡಿದವರಿಗೆ ಹಾಗೆ ಕೊಡುವ ಧೈರ್ಯ ನಮಗಾಗಲಿಲ್ಲ. ಕರೆಂಟನ್ನು ನಂಬುವಂತಿದ್ದರೆ ಒಂದು ವಾರ ಇಡಬಹುದು. ಮಳೆಗಾಲದಲ್ಲಿ ಎರಡು ದಿನಕ್ಕಾಗುವಷ್ಟು ಮಾಡಿ, ಒಣಗಿದ ಚಮಚದಿಂದ ತೆಗೆಯುವುದು ಲೇಸು.

ಸಕ್ಕರೆ ಕಾಯಿಲೆಯವರು ಇದನ್ನು ಔಷಧವೆಂದು ಭಾವಿಸಬಾರದು. ಬೆಲ್ಲ ಹಾಕಿದರೂ ಸಕ್ಕರೆಯೇ. ಅಂಥವರಿಗೆ ಏನೂ ಸಿಹಿ ಹಾಕದೆ, ದಾಲ್ಚಿನ್ನಿಯಲ್ಲಿ ಬೇಯಿಸಿ ನಾಲ್ಕು ಹೋಳು ಕೊಟ್ಟರೆ ಸಾಕು. ಉಳಿದವರು ನೀರುದೋಸೆಯ ಜೊತೆಗೆ ತಿಂದು ನೋಡಲಿ.

ತಾಯಿಯವರು ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಮೊನ್ನೆ ನೆಂಟರೊಬ್ಬರು ಕಾಫಿ ಕುಡಿದು ಎದ್ದು ಹೋದ ಮೇಲೆ ನಮ್ಮನ್ನು ಹತ್ತಿರ ಕರೆದು, ‘ಈಗ ಯಾರೂ ಆಪಲ್ ತರೋದೇ ಇಲ್ಲವಲ್ಲೋ’ ಎಂದರು.