ಮಳೆಗಾಲಕ್ಕೆ ಮುನ್ನ ಶಾಲೆಯ ಛಾವಣಿ ನೋಡೋಣ
(ಶ್ರಮಿಕ ಸಂತ ಜೋಸೆಫರ ಹಬ್ಬದ ಚಿಂತನೆ)



ಮೇ 1 ಶ್ರಮಿಕ ಸಂತ ಜೋಸೆಫರ ಹಬ್ಬ. ಪೋಪ್ ಹನ್ನೆರಡನೆಯ ಪಿಯುಸ್‌ರವರು 1955ರಲ್ಲಿ ಇದನ್ನು ಸ್ಥಾಪಿಸಿದರು. ನಜರೇತಿನ ಆ ಬಡಗಿಗೆ ದೇವರು ತಮ್ಮ ಪುತ್ರನನ್ನೇ ಕಾಪಾಡಲು ಒಪ್ಪಿಸಿದ್ದರು. ನಮ್ಮ ಶಾಲೆಗಳಿಗೂ ಮಕ್ಕಳನ್ನು ಕಾಪಾಡುವ ಹೊಣೆಯಿದೆ. ಹೊಸ ಮನೆ ಕಟ್ಟುವವನು ಯಾರೂ ಬೀಳದಂತೆ ಮಾಳಿಗೆಯ ಸುತ್ತ ಕುಂಬಿ ಕಟ್ಟಿಸಬೇಕೆಂದು ಧರ್ಮೋಪದೇಶಕಾಂಡ (22:8) ವಿಧಿಸುತ್ತದೆ. ಕಟ್ಟಡದ ಸುರಕ್ಷತೆಯೂ ದೇವರ ಆಜ್ಞೆಯೇ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಗರಿಯ ಛಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ಮಡಿದರು. ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆಯೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ನಮ್ಮ ಸೀಮೆಯಲ್ಲಿ ನೀರಿನ ಭಯವೂ ಇದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿತು. ಮೂಡಲಗಿ, ಹುಕ್ಕೇರಿ ತಾಲೂಕುಗಳ ನದಿದಂಡೆಯ ಊರುಗಳೂ ನಲುಗಿದವು.

ಶಾಲೆಯಲ್ಲಿ ಕೆಟ್ಟದ್ದು ಯಾರಿಗಾದರೂ ಕಂಡೇ ಇರುತ್ತದೆ. ಸೋರುವ ಮೂಲೆ ಆಯಾಗೆ ಗೊತ್ತು, ಸಡಿಲವಾದ ಸ್ವಿಚ್ಚು ಮಕ್ಕಳಿಗೇ ಗೊತ್ತು. ಆದರೆ ಬಾಯಿಮಾತಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ದುರಸ್ತಿ ನಿರ್ವಹಣೆಯ ಸಾಫ್ಟ್‌ವೇರ್ ಈ ಮರೆವಿಗೆ ಮದ್ದು. ಏನು ಕೆಟ್ಟಿದೆ, ಯಾರು ಸರಿಪಡಿಸಬೇಕು, ಯಾವ ದಿನದೊಳಗೆ, ಎಷ್ಟು ಖರ್ಚು ಎಂಬುದನ್ನು ಅದು ಬರೆದಿಟ್ಟು ನೆನಪಿಸುತ್ತದೆ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಕಲಿಸಿದರು (ಲೂಕ 14:28). ಸಾಫ್ಟ್‌ವೇರ್ ಕೊಳ್ಳುವ ಮುನ್ನ ಶಾಲೆಯ ಆಡಳಿತ ಮಂಡಳಿಯವರೂ ಐದು ಪ್ರಶ್ನೆ ಕೇಳಬೇಕು.

1. ಆಯಾ, ಕಾವಲುಗಾರ, ವ್ಯಾನ್ ಚಾಲಕ ತಮ್ಮ ಮೊಬೈಲಿನಿಂದ ಕನ್ನಡದಲ್ಲೇ ಫೋಟೋ ಸಹಿತ ದೂರು ಕಳಿಸಬಹುದೇ?

2. ಕರೆಂಟು, ನೆಟ್‌ವರ್ಕ್ ಇಲ್ಲದಾಗಲೂ ಬರೆದದ್ದು ಉಳಿಯುತ್ತದೆಯೇ?

3. ನೀರಿನ ಟ್ಯಾಂಕ್ ತೊಳೆಯುವುದು, ಬೆಂಕಿ ಆರಿಸುವ ಸಿಲಿಂಡರಿನ ತಪಾಸಣೆ, ಮಳೆಗೆ ಮುನ್ನ ಛಾವಣಿಯ ನೀರಿನ ಕೊಳವೆ ಸ್ವಚ್ಛಮಾಡುವುದು – ಇವನ್ನು ತಾನಾಗಿಯೇ ನೆನಪಿಸುತ್ತದೆಯೇ?

4. ಎರಡನೆಯ ವರ್ಷದಿಂದ ಶುಲ್ಕವೆಷ್ಟು? ಸಿಬ್ಬಂದಿಗೆ ಕಲಿಸಲು ಬೇರೆ ಹಣವೇ?

5. ಆ ಕಂಪನಿಯನ್ನು ಬಿಟ್ಟರೆ ನಮ್ಮ ದಾಖಲೆಗಳೆಲ್ಲ ಎಕ್ಸೆಲ್ ರೂಪದಲ್ಲಿ ಮರಳಿ ಸಿಗುತ್ತವೆಯೇ?

ಓಪನ್‌ಮೇಂಟ್‌ನಂಥ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ಅವನ್ನು ನಡೆಸಲು ಸರ್ವರ್ ಬೇಕು, ಬಲ್ಲವರು ಬೇಕು. ಹಲವು ಕಟ್ಟಡ, ಹಾಸ್ಟೆಲ್, ವಾಹನಗಳಿರುವ ಸಂಸ್ಥೆಗೆ ಅದು ಹೊಂದೀತು. ಒಂದೇ ಕಟ್ಟಡದ ಚಿಕ್ಕ ಶಾಲೆಗೆ ಎಕ್ಸೆಲ್ ಹಾಳೆಯೇ ಸಾಕು. ಯಾವುದನ್ನೇ ಆರಿಸಿದರೂ ಮೊದಲು ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದು ನೋಡಿರಿ. ಬರೆಯುವ ರೂಢಿಯೇ ಇಲ್ಲದ ಶಾಲೆಗೆ ಕಂಪ್ಯೂಟರ್ ಆ ರೂಢಿಯನ್ನು ತಂದುಕೊಡಲಾರದು. ಕೊಠಡಿ, ಶೌಚಾಲಯ, ಕುಡಿಯುವ ನೀರಿನ ವಿವರವನ್ನು ಶಾಲೆಗಳು ಪ್ರತಿವರ್ಷ ಯುಡೈಸ್‌ಗೆ ಕೊಡಲೇಬೇಕು. ಈ ದಾಖಲೆ ಆ ಕೆಲಸಕ್ಕೂ ನೆರವಾಗುತ್ತದೆ.

ಪ್ರಿಯರೇ, ಸಾಫ್ಟ್‌ವೇರ್ ನೆನಪಿಸಬಲ್ಲದು, ಹಂಚು ಹೊದಿಸಲಾರದು. ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಬಾಕಿ ಉಳಿದ ದುರಸ್ತಿಗಳ ಪಟ್ಟಿಯನ್ನೂ ಕೇಳಿರಿ. ನಮ್ಮ ಧರ್ಮಕೇಂದ್ರಗಳಲ್ಲಿ ಗೌಂಡಿಗಳಿದ್ದಾರೆ, ಬಡಗಿಗಳಿದ್ದಾರೆ, ವಿದ್ಯುತ್ ಕೆಲಸ ಬಲ್ಲವರಿದ್ದಾರೆ. ರಜೆ ಮುಗಿದು ಮಕ್ಕಳು ಶಾಲೆಗೆ ಮರಳುವ ಮುನ್ನ ಒಂದು ದಿನದ ದುಡಿಮೆಯನ್ನು ಶಾಲೆಗೆ ಕೊಟ್ಟರೆ, ಅದೇ ಸಂತ ಜೋಸೆಫರಿಗೆ ನಾವು ಸಲ್ಲಿಸುವ ಹಬ್ಬದ ಕಾಣಿಕೆ.