ಓವರ್‌ಡೋಸ್ ಸಾವಿನ ಲೆಕ್ಕ: ಅಂಕಿ ಹೇಳದೆ ಬಿಟ್ಟದ್ದು

2021ರ ನವೆಂಬರ್ 17ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಅಂಕಿ ಪ್ರಕಟಿಸಿತು: 1,00,306. ಡ್ರಗ್ಸ್ ಓವರ್‌ಡೋಸ್‌ನಿಂದ ಹನ್ನೆರಡು ತಿಂಗಳಲ್ಲಿ ಸತ್ತವರ ಅಂದಾಜು ಅದು. ಲೆಕ್ಕ ಲಕ್ಷ ದಾಟಿದ್ದು ಅದೇ ಮೊದಲಾದ್ದರಿಂದ ಪತ್ರಿಕೆಗಳು ಅದನ್ನು ಮುಖಪುಟಕ್ಕೆ ಎತ್ತಿಕೊಂಡವು. ಅಂದಿನಿಂದ ಪ್ರತಿ ತಿಂಗಳೂ ಹೊಸ ಅಂಕಿ, ಹೊಸ ಶೀರ್ಷಿಕೆ. ಆ ಅಂಕಿ ಎಲ್ಲಿಂದ ಬರುತ್ತದೆ, ಯಾರು ಬರೆದದ್ದು ಎಂದು ಕೇಳುವವರು ಕಡಿಮೆ. ಹಾಗಾಗಿ ಅದರ ಸುತ್ತ ಕೆಲವು ನಂಬಿಕೆಗಳು ಬೇರು ಬಿಟ್ಟಿವೆ.

"ಈ ತಿಂಗಳ ಅಂಕಿ ಎಂದರೆ ಈ ತಿಂಗಳ ಸಾವು"

ಮೇಲಿನ 1,00,306 ಯಾವುದೇ ಕ್ಯಾಲೆಂಡರ್ ವರ್ಷದ ಲೆಕ್ಕವಲ್ಲ. 2020ರ ಮೇಯಿಂದ 2021ರ ಏಪ್ರಿಲ್ ತನಕದ ಮೊತ್ತ. ಸಿಡಿಸಿ ತಿಂಗಳು ತಿಂಗಳೂ ಕೊಡುವುದು ಇಂಥ ಸರಿಯುವ ಹನ್ನೆರಡು ತಿಂಗಳ ಮೊತ್ತವನ್ನು. ಅದೂ ಕನಿಷ್ಠ ನಾಲ್ಕು ತಿಂಗಳು ಹಿಂದಿನದು. ತಡ ಆಗುವುದಕ್ಕೆ ಕಾರಣವಿದೆ. ಹೃದಯಾಘಾತದ ಸಾವಿಗೆ ಪ್ರಮಾಣಪತ್ರ ಬೇಗ ಸಿಗುತ್ತದೆ. ಓವರ್‌ಡೋಸ್ ಶಂಕೆ ಇದ್ದರೆ ರಕ್ತದ ಮಾದರಿ ವಿಷಪತ್ತೆ ಪ್ರಯೋಗಾಲಯಕ್ಕೆ ಹೋಗಬೇಕು. ವರದಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು. ಅಲ್ಲಿಯವರೆಗೆ ಸಾವಿನ ಕಾರಣದ ಜಾಗದಲ್ಲಿ 'ತನಿಖೆ ಬಾಕಿ' ಎಂದಿರುತ್ತದೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ನಕ್ಷೆಯಲ್ಲಿ ವರದಿಯಾದ ಸಾವುಗಳ ಗೆರೆಯ ತುದಿ ಯಾವಾಗ ನೋಡಿದರೂ ಕೊಂಚ ಕೆಳಗೆ ಬಾಗಿರುತ್ತದೆ, ಸಾವು ಇಳಿದಿರಲಿ ಇಳಿಯದಿರಲಿ. ಇದು ಗೊತ್ತಿರುವುದರಿಂದಲೇ ಸಿಡಿಸಿ ಎರಡು ಅಂಕಿ ಪಕ್ಕಪಕ್ಕ ಕೊಡುತ್ತದೆ: ಇದುವರೆಗೆ ವರದಿಯಾದದ್ದು, ಬಾಕಿ ಉಳಿದದ್ದನ್ನು ಸೇರಿಸಿ ಅಂದಾಜಿಸಿದ್ದು. ಮೊದಲನೆಯದನ್ನು ಮಾತ್ರ ಹಿಡಿದು 'ಇಳಿಕೆ' ಎಂದು ಸಂಭ್ರಮಿಸುವುದು ಅವಸರದ ಪತ್ರಿಕೋದ್ಯಮ.

"ಒಂದೊಂದು ಡ್ರಗ್ಸಿನ ಸಾವು ಕೂಡಿಸಿದರೆ ಒಟ್ಟು ಸಾವು"

2023ರಲ್ಲಿ ಅಮೆರಿಕದ ಒಟ್ಟು ಓವರ್‌ಡೋಸ್ ಸಾವು 1,05,007. ಅದೇ ವರ್ಷ ಫೆಂಟನಿಲ್ ಬಗೆಯ ಕೃತಕ ಓಪಿಯಾಯ್ಡ್ (ಅಫೀಮಿನ ಗುಣದ ಮದ್ದು) ಸೇರಿದ್ದ ಸಾವು 72,000ಕ್ಕೂ ಹೆಚ್ಚು, ಮೆಥಾಂಫೆಟಮಿನ್‌ನಂಥ ಉತ್ತೇಜಕಗಳದ್ದು ಸುಮಾರು 35,000, ಕೊಕೇನ್‌ನದ್ದು 29,000 ಚಿಲ್ಲರೆ. ಮೂರನ್ನೂ ಕೂಡಿಸಿದರೆ 1.36 ಲಕ್ಷ ದಾಟುತ್ತದೆ! ಯಾರೂ ಸುಳ್ಳು ಹೇಳಿಲ್ಲ. ಸತ್ತ ಒಬ್ಬನ ರಕ್ತದಲ್ಲಿ ಎರಡು ಮೂರು ವಸ್ತುಗಳು ಸಿಕ್ಕರೆ ಆ ಸಾವು ಪ್ರತಿಯೊಂದರ ಕೆಳಗೂ ಒಂದೊಂದು ಸಲ ಎಣಿಕೆಯಾಗುತ್ತದೆ. ಕೊಕೇನ್ ಎಂದು ನಂಬಿ ಕೊಂಡದ್ದರಲ್ಲಿ ಫೆಂಟನಿಲ್ ಬೆರೆತಿರುವುದೂ ಅಲ್ಲಿ ಉಂಟು.

"ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಯೇ ಎಲ್ಲಕ್ಕೂ ಮೂಲ ಎಂದು ಅಂಕಿಗಳೇ ಹೇಳುತ್ತವೆ"

ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಇದನ್ನು ಬಿಡಿಸುವುದು ಕಷ್ಟ. 1990ರ ದಶಕದ ಕೊನೆಯಿಂದ ಅಮೆರಿಕದ ವೈದ್ಯರು ಓಪಿಯಾಯ್ಡ್ ಮಾತ್ರೆಗಳನ್ನು ಧಾರಾಳವಾಗಿ ಬರೆದುಕೊಟ್ಟರು, ಸಾವುಗಳು ಏರಿದವು. ಆದರೆ 2013ರ ನಂತರ ಬೀದಿಯಲ್ಲಿ ಮಾರುವ ಕಳ್ಳ ಫೆಂಟನಿಲ್ ನುಗ್ಗಿತು. ಲೆಕ್ಕ ಇಡುವ ವ್ಯವಸ್ಥೆ ಮಾತ್ರ ಹಳೆಯದೇ ಉಳಿಯಿತು.

ಸಾವಿನ ಕಾರಣಗಳಿಗೆ ಅಂತರರಾಷ್ಟ್ರೀಯ ಸಂಕೇತಗಳಿವೆ. ಅದರಲ್ಲಿ ಟಿ40.4 ಎಂಬುದು ಮೆಥಡೋನ್ ಎಂಬ ಔಷಧವೊಂದನ್ನು ಬಿಟ್ಟು ಉಳಿದ ಕೃತಕ ಓಪಿಯಾಯ್ಡ್‌ಗಳಿಗೆ. ಕ್ಯಾನ್ಸರ್ ರೋಗಿಗೆ ಆಸ್ಪತ್ರೆ ಹಚ್ಚುವ ಫೆಂಟನಿಲ್ ಪಟ್ಟಿ, ಔಷಧ ಅಂಗಡಿಯ ಟ್ರಮಡಾಲ್, ಕಳ್ಳ ಪ್ರಯೋಗಾಲಯದಲ್ಲಿ ಬೇಯಿಸಿದ ಫೆಂಟನಿಲ್ ಪುಡಿ, ಎಲ್ಲಕ್ಕೂ ಇದೊಂದೇ ಗೂಡು. ರಕ್ತದಲ್ಲಿ ಸಿಕ್ಕ ಫೆಂಟನಿಲ್ ಔಷಧ ಅಂಗಡಿಯದೋ ಬೀದಿಯದೋ ಎಂದು ಸಂಕೇತ ಹೇಳುವುದಿಲ್ಲ. ಇನ್ನೊಂದು ತೊಡಕು ಹೆರಾಯಿನ್‌ನದ್ದು. ದೇಹದೊಳಗೆ ಅದು ಬೇಗ ಒಡೆದು ಮಾರ್ಫಿನ್ ಆಗುತ್ತದೆ. ಪರೀಕ್ಷೆ ತಡವಾದರೆ ಹೆರಾಯಿನ್‌ನ ಸಾವು ಮಾರ್ಫಿನ್ ಸಾವೆಂದು, ಅಂದರೆ ವೈದ್ಯರ ಚೀಟಿಯ ಔಷಧದ ಸಾವೆಂದು ದಾಖಲಾಗುತ್ತದೆ.

2018ರಲ್ಲಿ ಸಿಡಿಸಿಯದೇ ಸಂಶೋಧಕರು ಅಮೆರಿಕದ ಸಾರ್ವಜನಿಕ ಆರೋಗ್ಯ ನಿಯತಕಾಲಿಕವೊಂದರಲ್ಲಿ ಇದನ್ನು ಮುಕ್ತವಾಗಿ ಬರೆದರು. ಹಳೆಯ ವಿಧಾನದಲ್ಲಿ ಎಣಿಸಿದರೆ 2016ರಲ್ಲಿ ಚೀಟಿಯ ಓಪಿಯಾಯ್ಡ್‌ಗಳಿಂದ ಸತ್ತವರು 32,445. ಟಿ40.4 ಗೂಡನ್ನು ಹೊರಗಿಟ್ಟರೆ 17,087. ಅದೇ ವರ್ಷ, ಅವೇ ಪ್ರಮಾಣಪತ್ರಗಳು, ಉತ್ತರ ಮಾತ್ರ ಸುಮಾರು ಅರ್ಧ. ಎರಡನೆಯದೂ ಪೂರ್ತಿ ನಿಖರವಲ್ಲ, ಏಕೆಂದರೆ ಚೀಟಿಯ ಫೆಂಟನಿಲ್ ಮತ್ತು ಟ್ರಮಡಾಲ್ ಕೂಡ ಹೊರಗೆ ಹೋದವು.

ಇದು ಗುಮಾಸ್ತರ ಜಗಳ ಎನಿಸಬಹುದು, ಆದರೆ ಇದರ ಬಿಸಿ ತಟ್ಟಿದ್ದು ರೋಗಿಗಳಿಗೆ. ಇಂಥ ಅಂಕಿಗಳ ಹಿನ್ನೆಲೆಯಲ್ಲೇ 2016ರಲ್ಲಿ ಸಿಡಿಸಿ ಓಪಿಯಾಯ್ಡ್ ಚೀಟಿ ಬರೆಯುವ ಬಗ್ಗೆ ಬಿಗಿ ಮಾರ್ಗಸೂಚಿ ತಂದಿತು. ಕೆಲವು ವೈದ್ಯರು ಹೆದರಿ, ವರ್ಷಗಟ್ಟಲೆ ಮಾತ್ರೆ ನುಂಗುತ್ತಿದ್ದವರಿಗೆ ಏಕಾಏಕಿ ನಿಲ್ಲಿಸಿಬಿಟ್ಟರು. ಹಾಗೆ ಹಠಾತ್ತನೆ ನಿಲ್ಲಿಸುವುದು ಅಪಾಯ, ಆತ್ಮಹತ್ಯೆಯವರೆಗೂ ಹೋಗಬಹುದು ಎಂದು ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಎಚ್ಚರಿಸಬೇಕಾಯಿತು.

"ಪ್ರಮಾಣಪತ್ರದಲ್ಲಿ ಇಲ್ಲದ ಡ್ರಗ್ಸ್ ಸಾವಿಗೆ ಕಾರಣ ಅಲ್ಲ"

ಅಮೆರಿಕದಲ್ಲಿ ಸಂಶಯದ ಸಾವನ್ನು ತೀರ್ಮಾನಿಸುವವರು ಎಲ್ಲೆಡೆ ಒಬ್ಬರೇ ಅಲ್ಲ. ಕೆಲವು ಕಡೆ ವೈದ್ಯ ಪರೀಕ್ಷಕರಿದ್ದಾರೆ. ಹಲವು ಕೌಂಟಿಗಳಲ್ಲಿ ಚುನಾವಣೆಯಲ್ಲಿ ಗೆದ್ದ ಕೊರೋನರ್ ಎಂಬ ಅಧಿಕಾರಿ ಇದ್ದಾನೆ. ಅವನು ವೈದ್ಯನಾಗಿರಲೇಬೇಕೆಂಬ ನಿಯಮ ಎಲ್ಲ ಕಡೆ ಇಲ್ಲ. ಹಣವೂ ಪ್ರಯೋಗಾಲಯವೂ ಸಾಲದಿದ್ದರೆ 'ಹಲವು ಔಷಧಗಳ ವಿಷಪ್ರಭಾವ' ಎಂದು ಬರೆದು ಕೈತೊಳೆದುಕೊಳ್ಳುವುದಿತ್ತು. ವರ್ಜೀನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ರೂಮ್ ಈ ಹೆಸರಿಲ್ಲದ ಸಾವುಗಳನ್ನು ಅಂದಾಜಿಸಿ ಸೇರಿಸಿದಾಗ, 2014ರ ಓಪಿಯಾಯ್ಡ್ ಸಾವಿನ ಪ್ರಮಾಣ ಅಧಿಕೃತ ಲೆಕ್ಕಕ್ಕಿಂತ ಶೇಕಡಾ 24ರಷ್ಟು ಹೆಚ್ಚಾಯಿತು. ಈಚೆಗೆ ಪ್ರಮಾಣಪತ್ರದ ಬರಹ ಬಹಳ ಸುಧಾರಿಸಿದೆ. ಸುಧಾರಿಸಿದ್ದೂ ಒಂದು ಸಮಸ್ಯೆಯೇ: ಹತ್ತು ವರ್ಷದಲ್ಲಿ ಕಾಣುವ ಏರಿಕೆಯಲ್ಲಿ ಒಂದಿಷ್ಟು, ಚೆನ್ನಾಗಿ ಬರೆಯಲು ಕಲಿತದ್ದರ ಫಲ. ಇನ್ನು ಝೈಲಜಿನ್, ನೈಟಾಝೀನ್‌ನಂಥ ಹೊಸ ವಸ್ತುಗಳು ಬೇಕೆಂದೇ ಹುಡುಕದೆ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ.

"ಹೆಚ್ಚು ಸಾವು ಇರುವ ರಾಜ್ಯವೇ ಹೆಚ್ಚು ಬಾಧಿತ"

ತಲೆ ಎಣಿಕೆಯಲ್ಲಿ ಕ್ಯಾಲಿಫೋರ್ನಿಯಾ ಮುಂದೆ. ಅಲ್ಲಿ ಜನವೇ ಹೆಚ್ಚು. ಲಕ್ಷ ಜನಸಂಖ್ಯೆಗೆ ಎಷ್ಟು ಎಂದು ನೋಡಿದರೆ ಹದಿನೆಂಟು ಲಕ್ಷ ಜನರ ಪುಟ್ಟ ವೆಸ್ಟ್ ವರ್ಜೀನಿಯಾ 2023ರಲ್ಲಿ ಮೊದಲಿಗೆ ಬಂದಿತ್ತು. ದೇಶದ ಸರಾಸರಿ 31-32 ಇದ್ದಾಗ ಅಲ್ಲಿ ಸುಮಾರು 80.

"ಸಾವು ಇಳಿದರೆ ಚಟ ಇಳಿದಂತೆ"

2024ರಲ್ಲಿ ಅಮೆರಿಕದ ಒಟ್ಟು ಸಾವು 80,000ದ ಆಸುಪಾಸಿಗೆ ಬಂತು, ಒಂದೇ ವರ್ಷದಲ್ಲಿ ಸುಮಾರು ಕಾಲು ಭಾಗ ಇಳಿಕೆ. ಇಳಿಕೆ ನಿಜ. ಕಾರಣ ಏನೆಂಬುದರ ಮೇಲೆ ತಜ್ಞರ ಜಗಳ ಮುಗಿದಿಲ್ಲ. ಮೂಗಿಗೆ ಸಿಂಪಡಿಸಿ ಉಸಿರು ಮರಳಿಸುವ ನಲೋಕ್ಸೋನ್ 2023ರಲ್ಲಿ ಚೀಟಿಯಿಲ್ಲದೆ ಸಿಗಲು ಅನುಮತಿ ಪಡೆಯಿತು. ಬೀದಿಯ ಪುಡಿಯಲ್ಲಿ ಫೆಂಟನಿಲ್ ಅಂಶ ತೆಳುವಾಗಿದೆ ಎಂಬ ವಾದವಿದೆ. ಅತಿ ಅಪಾಯದಲ್ಲಿದ್ದವರು ಈಗಾಗಲೇ ಸತ್ತುಹೋಗಿದ್ದಾರೆ ಎಂಬ ಕಹಿ ವಾದವೂ ಇದೆ. ನಲೋಕ್ಸೋನ್‌ನಿಂದ ಬದುಕಿದವನು ಸಾವಿನ ಪಟ್ಟಿಯಲ್ಲಿ ಕಾಣುವುದಿಲ್ಲ, ಡ್ರಗ್ಸ್ ಬಿಟ್ಟಿರಲೇಬೇಕೆಂದೂ ಇಲ್ಲ. ಅವನ ಸುಳಿವು ಸಿಗುವುದು ಆ್ಯಂಬುಲೆನ್ಸ್ ಕರೆಗಳಲ್ಲಿ, ತುರ್ತು ವಿಭಾಗದ ದಾಖಲೆಗಳಲ್ಲಿ. ಮೊತ್ತದೊಳಗೂ ಎಲ್ಲರ ಪಾಲು ಒಂದೇ ಅಲ್ಲ: 2023ರಲ್ಲಿ 55ರೊಳಗಿನವರ ಸಾವಿನ ಪ್ರಮಾಣ ಇಳಿದಾಗ 55 ದಾಟಿದವರದ್ದು ಏರಿತ್ತು.

"ಭಾರತದಲ್ಲಿ ಕೆಲವೇ ನೂರು ಜನ"

ಹೌದು, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿಯಲ್ಲಿ ಓವರ್‌ಡೋಸ್ ಸಾವು ಕೆಲವು ನೂರರಲ್ಲೇ ಇರುತ್ತದೆ. ಅಮೆರಿಕದ ಲಕ್ಷದ ಪಕ್ಕ ಇಟ್ಟು ಎದೆಯುಬ್ಬಿಸುವ ವಾಟ್ಸ್‌ಆ್ಯಪ್ ಸಂದೇಶಗಳೂ ಸುತ್ತುತ್ತವೆ. ನಮ್ಮಲ್ಲಿ ಅಮೆರಿಕದ ಮಟ್ಟದ ಫೆಂಟನಿಲ್ ಹಾವಳಿ ಇಲ್ಲ, ಅದನ್ನು ಒಪ್ಪೋಣ. ಆದರೆ ಎರಡೂ ಅಂಕಿಗಳ ಹುಟ್ಟೇ ಬೇರೆ. ಅವರದ್ದು ಮರಣ ಪ್ರಮಾಣಪತ್ರದಿಂದ, ನಮ್ಮದು ಪೊಲೀಸ್ ದಾಖಲೆಯಿಂದ. 2020ರಲ್ಲಿ ನಮ್ಮ ನೋಂದಾಯಿತ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇಕಡಾ 22.5 ಮಾತ್ರ. ಠಾಣೆಯವರೆಗೆ ಹೋಗದೆ, ಮನೆಯವರು ಮರ್ಯಾದೆಗೆ ಅಂಜಿ ಹೃದಯಾಘಾತ ಎಂದು ಮುಗಿಸಿದ ಸಾವು ಎಲ್ಲೂ ಸೇರುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ ಬಂತು. ಓಪಿಯಾಯ್ಡ್ ಬಳಕೆಯಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ ಎಂದಿತು ಆ ವರದಿ. ಅಷ್ಟು ಜನರಲ್ಲಿ ವರ್ಷಕ್ಕೆ ಸಾಯುವವರು ಕೆಲವೇ ನೂರು ಎಂದು ನಂಬಬೇಕಾದರೆ, ಎಣಿಸುವವರ ಮೇಲೆ ಅಪಾರ ವಿಶ್ವಾಸವೇ ಬೇಕು.