ಒಂದು ಸಂಖ್ಯೆಯ ತೇಪೆ

"ಸರ್, ಆ ಪ್ರೋಗ್ರಾಮಿನ ಪ್ಯಾಚ್ ನನ್ನ ಪೆನ್‌ಡ್ರೈವಿನಲ್ಲಿ ಉಂಟು, ಹಾಕಿ ಕೊಡ್ಲಾ?" ಎಂದು ಒಂಬತ್ತನೆಯ ತರಗತಿಯ ಹುಡುಗ ಕೇಳಿದ. ದುಡ್ಡು ಕೊಟ್ಟು ಕೊಳ್ಳಬೇಕಾದ, ಫೋಟೋ ತಿದ್ದುವ ಪ್ರೋಗ್ರಾಮು ಅದು. ಬೇಡ ಎಂದೆ. "ಯಾಕೆ ಸರ್? ಅದರೊಳಗೆ ಅಂಥದ್ದು ಏನುಂಟು?" ಎಂದ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೇನೆ. ಅದೇ ಹೆಚ್ಚು ಸ್ವಾರಸ್ಯದ್ದು.

ಪ್ಯಾಚ್ ಎಂದರೆ ತೇಪೆ. ಹಳೆಯ ಕಂಪ್ಯೂಟರುಗಳಿಗೆ ಆಜ್ಞೆಗಳನ್ನು ಕಾಗದದ ಟೇಪಿನಲ್ಲಿ ತೂತು ಹೊಡೆದು ಕೊಡ್ತಿದ್ದರು. ತೂತು ತಪ್ಪಾದರೆ ಅದರ ಮೇಲೆ ಕಾಗದದ ತುಂಡು ಅಂಟಿಸುವುದು, ಅಂದರೆ ನಿಜವಾಗಿಯೂ ತೇಪೆಯೇ. ಈಗ ಅಂಟು ಇಲ್ಲ, ಹೆಸರು ಉಳಿದಿದೆ. ತಯಾರಕರೇ ದೋಷ ಸರಿಪಡಿಸಲು ಕಳಿಸುವ ತೇಪೆಗಳೂ ಉಂಟು. ಹುಡುಗ ಹೇಳಿದ್ದು ಬೇರೆ ಜಾತಿಯದು, ಬೀಗ ತೆಗೆಯುವ ತೇಪೆ.

ಬೀಗ ಹೇಗಿರ್ತದೆ? 1980ರ ದಶಕದಲ್ಲಿ ಪ್ರೋಗ್ರಾಮುಗಳು ಫ್ಲಾಪಿಯಲ್ಲಿ ಬರ್ತಿದ್ದವು. ಕೆಲವು ತಯಾರಕರು ಫ್ಲಾಪಿಯ ಒಂದು ಜಾಗವನ್ನು ಬೇಕೆಂದೇ ಕೆಡಿಸಿಡ್ತಿದ್ದರು. ಸಾಮಾನ್ಯ ನಕಲಿನಲ್ಲಿ ಆ 'ಕೆಟ್ಟ ಜಾಗ' ಬರುವುದಿಲ್ಲ. ಪ್ರೋಗ್ರಾಮು ಶುರುವಾಗುವಾಗ ಅದನ್ನು ಹುಡುಕ್ತದೆ, ಸಿಕ್ಕದಿದ್ದರೆ ನಿಂತುಬಿಡ್ತದೆ. ಮತ್ತೊಂದು ವಿಧ ಡಾಂಗಲ್, ಪ್ರಿಂಟರಿನ ಕಿಂಡಿಗೆ ಸಿಕ್ಕಿಸುವ ಚಿಕ್ಕ ಪೆಟ್ಟಿಗೆ. ಕನ್ನಡ ಡಿಟಿಪಿ ಮಾಡುವ ಪ್ರೆಸ್ಸಿನಲ್ಲಿ ನಾನೇ ನೋಡಿದ್ದೇನೆ, ಯಜಮಾನರು ಸಂಜೆ ಅದನ್ನು ಕಳಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕ್ತಿದ್ದರು!

ಬೀಗ ಯಾವುದೇ ಇರಲಿ, ಕೊನೆಗೆ ಪ್ರೋಗ್ರಾಮಿನೊಳಗೆ ಒಂದು ಪ್ರಶ್ನೆ ಬರ್ತದೆ: ಸರಿ ಉಂಟೋ, ಇಲ್ಲವೋ? ಪ್ರೋಗ್ರಾಮು ಎಂದರೆ ಸಂಖ್ಯೆಗಳ ಉದ್ದ ಸಾಲು ತಾನೇ? ನಮ್ಮ ಹೆಚ್ಚಿನ ಪಿಸಿಗಳಲ್ಲಿರುವ ಇಂಟೆಲ್ ಬಗೆಯ ಪ್ರೊಸೆಸರಿಗೆ 116 ಎಂಬ ಆಜ್ಞೆ ಸಿಕ್ಕಿದರೆ 'ಹೋಲಿಸಿದ್ದು ಸಮವಾಗಿದ್ದರೆ ಮಾತ್ರ ಮುಂದಕ್ಕೆ ಹಾರು' ಎಂದರ್ಥ. 235 ಸಿಕ್ಕಿದರೆ 'ಏನೇ ಆಗಲಿ, ಹಾರು'. ಬೀಗ ಮುರಿಯುವವನು ಆ ಒಂದು 116ನ್ನು ಹುಡುಕಿ 235 ಮಾಡ್ತಾನೆ. ಬಾಗಿಲಲ್ಲಿ ಕಾವಲುಗಾರ ನಿಂತೇ ಇರ್ತಾನೆ, ಚೀಟಿ ಕೇಳ್ತಾನೆ, ಉತ್ತರ ಏನೇ ಬಂದರೂ ಒಳಗೆ ಬಿಡ್ತಾನೆ. ಎರಡೂ ಆಜ್ಞೆಗಳ ಉದ್ದ ಒಂದೇ ಆದ್ದರಿಂದ ಉಳಿದ ಸಾಲು ಅಲುಗುವುದಿಲ್ಲ. ಹಂಚುವಾಗ ಇಡೀ ಪ್ರೋಗ್ರಾಮು ಬೇಕಿಲ್ಲ. 'ಇಂಥ ಸ್ಥಾನದಲ್ಲಿ ಇಂಥ ಸಂಖ್ಯೆ ಬರೆ' ಎಂಬ ಚಿಕ್ಕ ಫೈಲು ಸಾಕು.

ತಯಾರಕರು ಸುಮ್ಮನಿರ್ತಾರಾ? ಪ್ರೋಗ್ರಾಮು ತನ್ನ ಸಂಖ್ಯೆಗಳನ್ನೆಲ್ಲ ತಾನೇ ಕೂಡಿಸಿ ನೋಡುವಂತೆ ಮಾಡಿದರು. ಮೇಲಿನ ತೇಪೆ ಬಿದ್ದರೆ ಮೊತ್ತ 119 ಹೆಚ್ಚಾಗ್ತದೆ, ಗುಟ್ಟು ರಟ್ಟು. ಆದರೆ ಮೊತ್ತ ನೋಡುವುದೂ ಒಂದು ಪ್ರಶ್ನೆಯೇ, ಅದಕ್ಕೂ ತೇಪೆ ಹಾಕಿದರು. ಹೀಗೆ ನಡೆದೇ ಇದೆ.

1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಇನ್ನೊಂದು ದಾರಿ ಹಿಡಿದರು. ತಮ್ಮ ವೈದ್ಯಕೀಯ ಪ್ರೋಗ್ರಾಮನ್ನು ಕದ್ದು ನಕಲು ಮಾಡುವವರನ್ನು ಹಿಡಿಯಲಿಕ್ಕೆ ಎಂದು 'ಬ್ರೇನ್' ಬರೆದು, ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಇಟ್ಟರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಅಮೆರಿಕದವರೆಗೂ ಹೋಯಿತು. ಪಿಸಿಗಳ ಮೊದಲ ವೈರಸ್ ಎಂದು ಹೆಸರಾದದ್ದು ಅದೇ.

ಈಗ ಹುಡುಗನ ಮೊದಲ ಪ್ರಶ್ನೆ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ದಂಡ. ಆದರೆ ಬೀಗ ಮುಟ್ಟಿದವರೆಲ್ಲ ಕಳ್ಳರು ಎಂದು ನಾನು ಹೇಳಲಾರೆ. ದುಡ್ಡು ಕೊಟ್ಟು ಕೊಂಡ ಪ್ರೋಗ್ರಾಮಿನ ಡಾಂಗಲ್ ಕೆಟ್ಟು, ಬೇರೆ ಸಿಗದೇ ಇದ್ದರೆ ಏನು ಮಾಡುವುದು? ಅಮೆರಿಕದಲ್ಲಿ ಅಂಥ ಡಾಂಗಲಿಗೆ 2003ರಲ್ಲಿ ಕಾನೂನಿನ ವಿನಾಯಿತಿಯೇ ಸಿಕ್ಕಿತ್ತು. ನಮ್ಮ ಕಾಯ್ದೆಯೂ ಹಕ್ಕಿನಿಂದ ಪಡೆದ ಪ್ರೋಗ್ರಾಮಿನ ಒಂದು ಪ್ರತಿಯನ್ನು ಹಾಳಾದೀತೆಂಬ ಮುನ್ನೆಚ್ಚರಿಕೆಗೆ ತೆಗೆದಿಡಲು ಬಿಡ್ತದೆ. ತನ್ನ ಮನೆಯ ಬೀಗ ಒಡೆಯುವುದು ಬೇರೆ, ಊರಿಗೆಲ್ಲ ಕಳ್ಳಕೀಲಿ ಹಂಚುವುದು ಬೇರೆ.

ನಾನು ಬೇಡ ಎಂದದ್ದಕ್ಕೆ ಕಾನೂನೊಂದೇ ಕಾರಣವಲ್ಲ. ಕೆಲವು ವರ್ಷಗಳ ಹಿಂದೆ ಶಾಲೆಯ ಸ್ಮರಣ ಸಂಚಿಕೆಗೆಂದು ಇಂಥದ್ದೇ ಪ್ಯಾಚನ್ನು ನಾನೇ ಹಾಕಿದ್ದೆ. ಆಂಟಿವೈರಸ್ ನಿಲ್ಲಿಸು, ಅಡ್ಮಿನ್ ಅನುಮತಿ ಕೊಡು ಎಂದಿತು, ಕೊಟ್ಟೆ. ತೇಪೆ ಹಾಕುವವನಿಗೆ ಇಡೀ ಕಂಪ್ಯೂಟರಿನ ಬೀಗದ ಕೈಗೊಂಚಲನ್ನೇ ಕೊಟ್ಟ ಹಾಗೆ! ಪ್ರೋಗ್ರಾಮೇನೋ ತೆರೆಯಿತು. ನಾಲ್ಕನೆಯ ದಿನ ಎಲ್ಲ ಫೈಲುಗಳ ಹೆಸರು ಬದಲಾಗಿ, ಹಣ ಕೊಟ್ಟರೆ ಬಿಡ್ತೇವೆ ಎಂಬ ಚೀಟಿ ಪರದೆಯಲ್ಲಿತ್ತು. ಹಳೆಯ ಮಕ್ಕಳ ಯಕ್ಷಗಾನದ ಫೋಟೋಗಳು, ಅವರು ಊರಲ್ಲಿ ಸುತ್ತಿ ಬರೆದು ತಂದಿದ್ದ ಅಜ್ಜಿಕತೆಗಳು ಹೋದದ್ದು ಹೋದವೇ.

ಹುಡುಗನಿಗೆ ಲ್ಯಾಬಿನ ಕೈಟ್ ಗ್ನೂ/ಲಿನಕ್ಸಿನಲ್ಲಿರುವ ಜಿಂಪ್ ತೆರೆದು ಕೊಟ್ಟೆ. ಅದಕ್ಕೆ ಬೀಗವೇ ಇಲ್ಲ. ಮೂಲ ಬರಹವೇ ಬಹಿರಂಗ, ತಿದ್ದಿ ಹಂಚಲಿಕ್ಕೂ ಅನುಮತಿ ಉಂಟು. "ಮೆನು ಎಲ್ಲ ಬೇರೆ ಥರ ಉಂಟು ಸರ್" ಎಂದು ಗೊಣಗಿದ. ಹೌದು, ಕಲಿಯಲಿಕ್ಕೆ ಒಂದು ವಾರ ಬೇಕು.

ಮಾಡಿ ನೋಡಿ: ಒಂದು ವಾಕ್ಯ ಬರೆದು ಫೈಲಾಗಿ ಉಳಿಸಿ. ಟರ್ಮಿನಲಿನಲ್ಲಿ 'ಎಂಡಿ5ಸಮ್' ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಎಡೆಯಿಲ್ಲದೆ ಟೈಪಿಸಿ, ಒಂದು ಎಡೆ ಬಿಟ್ಟು ಫೈಲಿನ ಹೆಸರು ಕೊಡಿ. 32 ಅಂಕಿ-ಅಕ್ಷರಗಳ ಸಾಲು ಬರ್ತದೆ, ಬರೆದಿಡಿ. ವಾಕ್ಯದ ಒಂದೇ ಒಂದು ಅಕ್ಷರ ಬದಲಿಸಿ, ಉಳಿಸಿ, ಪುನಃ ಅದೇ ಆಜ್ಞೆ ಕೊಡಿ. 32ರಲ್ಲಿ ಎಷ್ಟು ಬದಲಾದವು, ಎಣಿಸಿ.